ಕೈಗೆ ಚಿಪ್ಪು

ಕನ್ನಡದಲ್ಲಿ ಮೋಸ ಹೋದವರಿಗೆ ಕೊನೆಗೆ ಸಿಗುವುದು ಚಿಪ್ಪು. ಟಿಕೆಟ್ ತಪ್ಪಿದ ಮಾಜಿ ಶಾಸಕ, ಬಜೆಟ್ಟಿನಲ್ಲಿ ಹೆಸರೇ ಬರದ ತಾಲ್ಲೂಕು, ಚೀಟಿ ದುಡ್ಡು ಮುಳುಗಿಸಿಕೊಂಡ ಗೃಹಿಣಿ, ಆಸ್ತಿ ಪಾಲಿನಲ್ಲಿ ಹೊಲದ ಬದು ಮಾತ್ರ ದಕ್ಕಿಸಿಕೊಂಡ ಕಿರಿ ತಮ್ಮ, ಎಲ್ಲರ ಕೈಗೂ ಅದೇ ಚಿಪ್ಪು. ಕಾಯಿ ತಿಂದವರು ಬೇರೆ, ತುರಿಮಣೆ ತೊಳೆದವರು ಬೇರೆ, ಚಿಪ್ಪು ಹಿಡಿದು ನಿಂತವರು ಬೇರೆ. ನಮ್ಮ ಇಡೀ ಅರ್ಥಶಾಸ್ತ್ರ ಈ ಒಂದು ನುಡಿಗಟ್ಟಿನೊಳಗೆ ಕೂತಿದೆ.

ಆದರೆ ಈಗ ತಿಪಟೂರಿನ ಕಡೆ ಹೋಗಿ ಯಾರಿಗಾದರೂ ‘ನಿನ್ನ ಕೈಗೆ ಚಿಪ್ಪು’ ಎಂದು ಶಪಿಸಿ ನೋಡಿ. ‘ಎಷ್ಟು ಕೆ.ಜಿ. ಐತೆ? ಒಣಗೈತಾ, ಹಸೀನಾ?’ ಎಂದು ಕೇಳುತ್ತಾರೆ. ಶಾಪಕ್ಕೆ ರೇಟು ಬಂದುಬಿಟ್ಟಿದೆ.

ಬಂದದ್ದು ಹೀಗೆ. ಚಿಪ್ಪನ್ನು ಗಾಳಿಗೆ ಬಿಟ್ಟು ಉರಿಸಿದರೆ ಬೂದಿ. ಗಾಳಿ ಕೊಡದೆ ಉಸಿರು ಕಟ್ಟಿಸಿ ಬೇಯಿಸಿದರೆ ಇದ್ದಿಲು. ಆ ಇದ್ದಿಲನ್ನು 800, 900 ಡಿಗ್ರಿ ಶಾಖದಲ್ಲಿ ಕೂರಿಸಿ ಮೇಲೆ ಹಬೆ ಹಾಯಿಸಿದರೆ ಅದರ ಮೈತುಂಬ ಕಣ್ಣಿಗೆ ಕಾಣದ ತೂತು ಬೀಳುತ್ತವೆ. ಆಮೇಲೆ ಅದರ ಹೆಸರು ಆಕ್ಟಿವೇಟೆಡ್ ಕಾರ್ಬನ್, ಸಕ್ರಿಯ ಇಂಗಾಲ. ಅಡುಗೆಮನೆಯ ವಾಟರ್ ಫಿಲ್ಟರಿನಲ್ಲಿ ಕ್ಲೋರಿನ್ ವಾಸನೆ ಹೀರುವುದು ಅದೇ, ಚಿನ್ನದ ಗಣಿಯ ಸಯನೈಡ್ ನೀರಿನಿಂದ ಚಿನ್ನವನ್ನು ಹಿಡಿದಿಡುವುದೂ ಅದೇ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಗಳಿಗೆ ಈ ಇದ್ದಿಲು ಸಾಲದೆ, 1918ರಲ್ಲಿ ಅಮೆರಿಕದ ಸರ್ಕಾರ ತನ್ನ ಪ್ರಜೆಗಳಿಗೆ ‘ಪೀಚ್ ಹಣ್ಣು ತಿಂದು ಓಟೆ ಎಸೆಯಬೇಡಿ, ನಮಗೆ ಕೊಡಿ’ ಎಂದು ಕೇಳಿಕೊಂಡಿತ್ತು. ಓಟೆಗೂ ದೇಶಭಕ್ತಿಯ ಅವಕಾಶ ಸಿಕ್ಕ ಕಾಲ ಅದು.

ಒಂದು ಗ್ರಾಂ ಒಳ್ಳೆಯ ಸಕ್ರಿಯ ಇಂಗಾಲದ ಒಳಮೈಯನ್ನು ಬಿಡಿಸಿ ಹಾಸಿದರೆ ಸುಮಾರು ಸಾವಿರ ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ಅಂದರೆ ನಾಲ್ಕು ಗ್ರಾಂ ಕರಿಪುಡಿಯಲ್ಲಿ ಒಂದು ಎಕರೆ. ದಯವಿಟ್ಟು ಈ ವಿಷಯವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯ ಆಸುಪಾಸಿನಲ್ಲಿ ಬಾಯಿಬಿಡಬೇಡಿ. ನಾಳೆಯೇ ಒಂದು ಚಮಚ ಇದ್ದಿಲಿಗೆ ಲೇಔಟ್ ನಕ್ಷೆ ಬಿದ್ದು, ಮೂವತ್ತು ನಲವತ್ತರ ಸೈಟುಗಳಾಗಿ, ಮೂಲೆಯ ರಂಧ್ರಕ್ಕೆ ಕಾರ್ನರ್ ಸೈಟಿನ ದರ ಕೂಗಿ, ಒಂದೇ ರಂಧ್ರವನ್ನು ಮೂವರಿಗೆ ಮಾರಿ, ಪೋಡಿಗೆ ಅರ್ಜಿ ಹಾಕಿದವರು ಸರ್ವೆಯರ್ ಬರುವ ದಾರಿ ಕಾಯುತ್ತಾ ಮುದುಕರಾಗುತ್ತಾರೆ.

ಚಿಪ್ಪಿಗೆ ಒಲಿದ ಈ ಭಾಗ್ಯ ಎಲ್ಲ ಕಸಕ್ಕೂ ಒಲಿದಿಲ್ಲ. ನಮ್ಮ ಚನ್ನಗಿರಿ ಕಡೆಯ ಅಡಿಕೆ ಸಿಪ್ಪೆಯನ್ನೇ ನೋಡಿ. ಒಂದು ಕ್ವಿಂಟಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಕೈಗೆ ಬರುವುದು ಹನ್ನೆರಡೋ ಹದಿಮೂರೋ ಕೆ.ಜಿ. ಉಳಿದದ್ದರಲ್ಲಿ ನೀರು ಹಬೆಯಾಗಿ ಹೋಯಿತು, ಚೊಗರು ಹಂಡೆಯಲ್ಲಿ ಉಳಿಯಿತು, ಸಿಪ್ಪೆ ರಸ್ತೆಗೆ ಬಿತ್ತು. ರಸ್ತೆಗೆ ಅಂದರೆ ರಸ್ತೆಗೇ. ಸುಗ್ಗಿಯಲ್ಲಿ ನಮ್ಮ ಕಡೆ ಡಾಂಬರಿನ ಎರಡೂ ಅಂಚಿಗೆ ಮೈಲುಗಟ್ಟಲೆ ಸಿಪ್ಪೆಯ ದಿಬ್ಬಗಳು. ಸಂಜೆಯಾದರೆ ಯಾರೋ ಬೆಂಕಿ ಇಡುತ್ತಾರೆ. ಅದು ಉರಿಯುವುದಿಲ್ಲ, ಆರುವುದೂ ಇಲ್ಲ. ಹಸಿ ನಾರು ಒಳಗೊಳಗೇ ಕುಮುಲುತ್ತಾ ವಾರಗಟ್ಟಲೆ ಹೊಗೆ ಬಿಡುತ್ತದೆ. ಬೆಳಗಿನ ಮಂಜು ಅದರ ಜೊತೆ ಸೇರಿತೆಂದರೆ ಎದುರಿಗೆ ಬರುವ ಲಾರಿ ಕಾಣುವುದು ಅದು ಹತ್ತಿರ ಬಂದು ಹಾರನ್ ಹೊಡೆದ ಮೇಲೆ.

‘ಯಾರು ಸುರೀತಾರೆ ದೊಡ್ಡಪ್ಪ ಇದನ್ನ?’ ಎಂದು ಒಮ್ಮೆ ಕೇಳಿದೆ. ದೊಡ್ಡಪ್ಪನದು ನಾಲ್ಕು ಎಕರೆ ತೋಟ. ಪ್ರತಿ ವರ್ಷ ಖೇಣಿಗೆ ಕೊಡುತ್ತಾನೆ.

‘ತೋಟ ನಂದು. ಅಡಿಕೆ ಖೇಣಿದಾರಂದು. ಸುಲಿಯೋ ಮಷೀನು ಇನ್ನೊಬ್ಬಂದು. ಸಿಪ್ಪೆ ಪಿಡಬ್ಲ್ಯುಡಿದು’ ಎಂದ.

ಇಷ್ಟು ಸ್ಪಷ್ಟವಾದ ಮಾಲೀಕತ್ವದ ವಿವರಣೆ ನನಗೆ ಯಾವ ವರದಿಯಲ್ಲೂ ಸಿಕ್ಕಿಲ್ಲ.

ವರದಿಗಳೇನೂ ಕಡಿಮೆಯಿಲ್ಲ. ಕಳೆದ ವರ್ಷ ‘ಕಸದಿಂದ ರಸ’ ಎಂಬ ಕಾರ್ಯಾಗಾರಕ್ಕೆ ನನ್ನನ್ನೂ ಕರೆದಿದ್ದರು. ಯಾರದು, ಯಾವ ಊರು ಎಂಬುದು ಬೇಡ. ಹಾರ, ಶಾಲು, ಫೈಲು ಎಲ್ಲ ಊರಲ್ಲೂ ಒಂದೇ ಅಂಗಡಿಯಿಂದ ಬರುತ್ತವೆ. ಶಾಮಿಯಾನದ ಪಕ್ಕದಲ್ಲಿ ಹಳೆಯ ಟಾರ್ ಡ್ರಮ್ಮಿಗೆ ಹಸಿರು ಬಣ್ಣ ಬಳಿದು, ಮುಚ್ಚಳಕ್ಕೊಂದು ಕೊಳವೆ ಬೆಸುಗೆ ಹಾಕಿ ನಿಲ್ಲಿಸಿದ್ದರು. ಅದರೊಳಗೆ ಅಡಿಕೆ ಸಿಪ್ಪೆ ಬೇಯಬೇಕು, ಕೊಳವೆಯಿಂದ ಅನಿಲ ಬರಬೇಕು, ಮುಖ್ಯ ಅತಿಥಿಗಳು ಕಡ್ಡಿ ಗೀರಿ ಆ ಅನಿಲ ಹೊತ್ತಿಸಬೇಕು, ಫೋಟೊ ಆಗಬೇಕು. ಕಾರ್ಯಕ್ರಮ ಪಟ್ಟಿಯಲ್ಲಿ ಇದಕ್ಕೆ ಹತ್ತು ನಿಮಿಷ ಇತ್ತು.

ಅತಿಥಿಗಳು ಎರಡೂವರೆ ಗಂಟೆ ತಡವಾಗಿ ಬಂದರು. ಸಿಪ್ಪೆ ಮಾತ್ರ ಎರಡು ದಿನ ಮುಂಚೆಯೇ ಬಂದು, ಹಿಂದಿನ ರಾತ್ರಿಯ ಮಳೆಯಲ್ಲಿ ಮಿಂದು ಕೂತಿತ್ತು. ಉದ್ಘಾಟನೆಯ ದೀಪ ಮೊದಲ ಕಡ್ಡಿಗೇ ಹೊತ್ತಿಕೊಂಡಿತು. ಡ್ರಮ್ ಹೊತ್ತಲಿಲ್ಲ. ಒಂದು ಲೀಟರ್ ನೀರನ್ನು ಆವಿ ಮಾಡಲು ಹೆಚ್ಚುಕಡಿಮೆ 600 ಕಿಲೋ ಕ್ಯಾಲೊರಿ ಶಾಖ ಬೇಕು. ಹಸಿ ಸಿಪ್ಪೆಯ ತೂಕದಲ್ಲಿ ನೀರೇ ಹೆಚ್ಚು. ಆ ಶಾಖ ಯಾರಪ್ಪನ ಮನೆಯಿಂದ ಬರಬೇಕು? ಡ್ರಮ್ ನೋಡಿಕೊಳ್ಳುತ್ತಿದ್ದ ಹುಡುಗ ಭೌತಶಾಸ್ತ್ರ ಬಲ್ಲವನು. ಸುಮ್ಮನೆ ಹಿಂದಕ್ಕೆ ಹೋಗಿ ನೀರಿನ ಬಾಟಲಿಯಲ್ಲಿ ಡೀಸೆಲ್ ತಂದು ಸುರಿದ. ಡೀಸೆಲ್ಲಿಗೆ ಪರ್ಯಾಯ ಇಂಧನ ಭಗ್ಗೆಂದು ಹೊತ್ತಿತು. ಬಿಳಿ ಹೊಗೆ ನೇರ ಶಾಮಿಯಾನದೊಳಕ್ಕೆ ನುಗ್ಗಿತು. ಮುಖ್ಯ ಅತಿಥಿಗಳು ಕರವಸ್ತ್ರ ಮುಚ್ಚಿಕೊಂಡೇ ಫೋಟೊಗೆ ನಿಂತರು. ಮರುದಿನ ಶೀರ್ಷಿಕೆ: ‘ರೈತರ ಬಾಳಿಗೆ ಹೊಸ ಬೆಳಕು.’

ಊಟ ಹಾಳೆ ತಟ್ಟೆಯಲ್ಲಿತ್ತು. ಅಡಿಕೆ ಮರದಿಂದ ಉದುರಿದ ಹಾಳೆಯನ್ನು ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಸರ್ಕಾರಿ ಮಿಷನ್ನಿಗೆ ಕಾಯದೆ, ಗುರಿ ಘೋಷಿಸದೆ, ಹಳ್ಳಿಯ ಒಂದು ಕೋಣೆಯಲ್ಲೇ ಆಗಿಹೋಗುವ ಕೆಲಸ. ಇಡೀ ಕಾರ್ಯಾಗಾರದಲ್ಲಿ ಕಸದಿಂದ ನಿಜವಾಗಿ ರಸವಾಗಿದ್ದ ಏಕೈಕ ವಸ್ತು ಅದು. ಅದರ ಮೇಲೆ ಪಲಾವ್ ಹಾಕಿಕೊಂಡು ತಿಂದರು, ಕಸದಿಂದ ರಸ ಯಾವಾಗ ಬರುತ್ತದೋ ಎಂದು ಚರ್ಚಿಸಿದರು. ಸಂಜೆ ತಟ್ಟೆ, ಪ್ಲಾಸ್ಟಿಕ್ ಚಮಚ, ಬಾಟಲಿ ಎಲ್ಲವನ್ನೂ ಹಿತ್ತಲಲ್ಲಿ ಒಟ್ಟು ಮಾಡಿ ಬೆಂಕಿ ಇಟ್ಟರು. ಇದು ಮಾತ್ರ ಡೀಸೆಲ್ ಇಲ್ಲದೆಯೇ ಚೆನ್ನಾಗಿ ಉರಿಯಿತು.

ನಗೆ ಮಾಡಿದೆ ಎಂದು ವಿಜ್ಞಾನದ ಮೇಲೆ ಸಿಟ್ಟೆಂದು ತಿಳಿಯಬೇಡಿ. ವಿಜ್ಞಾನ ತನ್ನ ಪಾಲಿನ ಕೆಲಸ ಮುಗಿಸಿ ಬಹಳ ದಿನವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2022ರಲ್ಲಿ ಒಂದು ಲೆಕ್ಕ ಹೇಳಿದರು: ಒಂದು ಕೆ.ಜಿ. ಜೀವರಾಶಿಯಲ್ಲಿ ಇರುವ ಜಲಜನಕ 60 ಗ್ರಾಂ, ಅವರು ಅದರಿಂದ ಹೊರತೆಗೆದದ್ದು 100 ಗ್ರಾಂ. ಕೇಳಿದ ಕೂಡಲೇ ನನಗೆ ನಮ್ಮೂರ ಕಾಮಗಾರಿಗಳ ಬಿಲ್ಲು ನೆನಪಾಯಿತು. ಅಲ್ಲೂ ಹಾಕಿದ ಜಲ್ಲಿ ಅರವತ್ತು, ಬರೆದದ್ದು ನೂರು. ಒಂದೇ ವ್ಯತ್ಯಾಸವೆಂದರೆ, ಉಳಿದ ನಲವತ್ತು ಎಲ್ಲಿಂದ ಬಂತೆಂದು ವಿಜ್ಞಾನಿಗಳು ಹೇಳಿದರು. ಒಳಗೆ ಬಿಟ್ಟ ಹಬೆಯಲ್ಲಿ ನೀರಿತ್ತು, ನೀರಿನಲ್ಲಿ ಜಲಜನಕವಿತ್ತು. ನಮ್ಮ ಬಿಲ್ಲಿನ ನಲವತ್ತು ಎಲ್ಲಿಗೆ ಹೋಯಿತೆಂದು ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ.

ಅದೇ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದ್ದರು, ಹಳ್ಳಿಗೆ ಬೇಕಾದ ತಂತ್ರಜ್ಞಾನವನ್ನು ಹಳ್ಳಿಯ ಅಳತೆಗೇ ಮಾಡಬೇಕೆಂದು. ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಿಂದ ಕಟ್ಟಿಗೆಯ ಅನಿಲದಲ್ಲಿ ಎಂಜಿನ್ ಓಡಿಸಿ ಮನೆಗೆ ದೀಪ, ಕುಡಿಯಲು ನೀರು, ರಾಗಿ ಬೀಸಲು ಗಿರಣಿ ಒದಗಿಸಿದರು. ಕಟ್ಟಿಗೆ ಬಂದದ್ದು ಊರ ಪಕ್ಕದಲ್ಲೇ ಬೆಳೆಸಿದ ತೋಪಿನಿಂದ. ತಲೆಹೊರೆಯಲ್ಲಿ ತರುವಷ್ಟು ದೂರ. ವರ್ಷಗಟ್ಟಲೆ ನಡೆಯಿತು. ಲಾರಿ ಬಾಡಿಗೆ ಎಂಬ ಒಂದು ಖರ್ಚು ಅದರ ಖಾತೆಯಲ್ಲೇ ಇರಲಿಲ್ಲ ಎಂಬುದನ್ನು ಮಾತ್ರ ಮುಂದೆ ಬಂದ ದೊಡ್ಡ ಯೋಜನೆಯವರು ಗಮನಿಸಲಿಲ್ಲ.

ದೊಡ್ಡ ಯೋಜನೆಗಳಿಗೆ ದೊಡ್ಡ ಸಂಖ್ಯೆ ಬೇಕು. 2003ರಲ್ಲಿ ಯೋಜನಾ ಆಯೋಗಕ್ಕೆ ಜಟ್ರೋಫಾ ಗಿಡ ಕಣ್ಣಿಗೆ ಬಿತ್ತು. ಬೇಲಿಯ ಗಿಡ, ಆಡೂ ತಿನ್ನದ ಗಿಡ. 2011-12ರ ಹೊತ್ತಿಗೆ ದೇಶದ ಡೀಸೆಲ್ಲಿನಲ್ಲಿ ಶೇ 20ರಷ್ಟು ಇದರ ಎಣ್ಣೆ ಎಂದರು. ಪಾಳುಭೂಮಿಯಲ್ಲಿ ನೀರಿಲ್ಲದೆ ಬೆಳೆಯುತ್ತದೆ ಎಂದದ್ದು ನಿಜ, ಬೆಳೆಯಿತು. ನೀರಿಲ್ಲದೆ ಕಾಯಿ ಬಿಡುತ್ತದೆ ಎಂದು ಗಿಡ ಯಾರಿಗೂ ಮಾತು ಕೊಟ್ಟಿರಲಿಲ್ಲ. 2009ರಲ್ಲಿ ಹೊಸ ನೀತಿ ಬಂತು. ಶೇ 20 ಹಾಗೆಯೇ ಉಳಿಯಿತು, ವರ್ಷ 2017 ಆಯಿತು. 2018ರಲ್ಲಿ ಇನ್ನೊಂದು ನೀತಿ. ಈ ಸಲ ಡೀಸೆಲ್ಲಿಗೆ ಶೇ 5, ವರ್ಷ 2030. ಮಗಳ ಮದುವೆ ಮುಂದೆ ಹಾಕಿದಂತೆ ತಾರೀಖು ಮುಂದೆ ಹೋಯಿತು, ವರದಕ್ಷಿಣೆ ಮಾತ್ರ ಕಾಲುಭಾಗಕ್ಕೆ ಇಳಿಯಿತು.

ಅದೇ 2018ರ ಅಕ್ಟೋಬರ್ 1ರಂದು ‘ಸತತ್’ ಎಂಬ ಯೋಜನೆ ಬಂತು. ಸಗಣಿ, ಹುಲ್ಲು, ಸಕ್ಕರೆ ಕಾರ್ಖಾನೆಯ ಮಡ್ಡಿಯಿಂದ ಅನಿಲ ಮಾಡುವ 5,000 ಘಟಕಗಳು, 2023-24ರೊಳಗೆ ವರ್ಷಕ್ಕೆ 150 ಲಕ್ಷ ಟನ್ ಅನಿಲ. ಗಡುವು ಮುಗಿದ ದಿನ ನಡೆಯುತ್ತಿದ್ದ ಘಟಕಗಳು ನೂರನ್ನೂ ಮುಟ್ಟಿರಲಿಲ್ಲ. ಹೆಸರು ಸತತ್ ಎಂದಿಟ್ಟದ್ದು ಸರಿಯೇ. ಪ್ರಯತ್ನ ಸತತವಾಗಿದೆ.

ಪಾಣಿಪತ್ತಿನಲ್ಲಿ ಭತ್ತದ ಹುಲ್ಲಿನಿಂದ ಎಥನಾಲ್ ತೆಗೆಯುವ ಸ್ಥಾವರ 2022ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಖರ್ಚು 900 ಕೋಟಿ ರೂಪಾಯಿಗೂ ಮಿಕ್ಕಿ. ವರ್ಷಕ್ಕೆ 2 ಲಕ್ಷ ಟನ್ ಹುಲ್ಲು ಹಾಕಿದರೆ 3 ಕೋಟಿ ಲೀಟರ್ ಎಥನಾಲ್. ಹುಲ್ಲಿನ ಗಟ್ಟಿ ನಾರನ್ನು ಸಕ್ಕರೆಯಾಗಿ ಒಡೆಯುವುದು ನಿಜಕ್ಕೂ ಜಾಣ ವಿದ್ಯೆ. ಆದರೆ ಭತ್ತ ಕೊಯ್ದು ಗೋಧಿ ಬಿತ್ತುವ ನಡುವೆ ರೈತನಿಗೆ ಸಿಗುವುದು ಎರಡು ಮೂರು ವಾರ. ಅಷ್ಟರಲ್ಲಿ ಇಡೀ ವರ್ಷದ ಹುಲ್ಲನ್ನು ಪೆಂಡಿ ಕಟ್ಟಿ, ಹೇರಿ, ತಂದು, ಮಳೆಗೂ ಬೆಂಕಿಗೂ ಸಿಗದಂತೆ ಬಣವೆ ಒಟ್ಟಬೇಕು. ಎಥನಾಲ್ ಮಾಡುವುದು ಕಿಣ್ವಕ್ಕೆ ಗೊತ್ತು. ಬಣವೆ ಒಟ್ಟುವುದು ಯಾವ ಕಿಣ್ವಕ್ಕೂ ಗೊತ್ತಿಲ್ಲ.

ಅಂದಮೇಲೆ ಕಸ ಎಂಬುದು ರಸಾಯನಶಾಸ್ತ್ರದ ಪದವೇ ಅಲ್ಲ ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ಅದು ಬಾಡಿಗೆ ಲೆಕ್ಕದ ಪದ. ತೆಂಗಿನ ಚಿಪ್ಪು ಗಟ್ಟಿ, ಒಣಕಲು, ತೂಕದ್ದು, ಕೊಬ್ಬರಿ ಒಡೆಯುವ ಜಾಗದಲ್ಲಿ ರಾಶಿಯಾಗಿಯೇ ಬೀಳುತ್ತದೆ. ಲಾರಿ ತುಂಬಿದರೆ ಲಾರಿ ಬಾಡಿಗೆ ಹುಟ್ಟುತ್ತದೆ. ಅಡಿಕೆ ಸಿಪ್ಪೆ ಹಸಿಯಿದ್ದರೆ ನೀರು, ಒಣಗಿದರೆ ಹತ್ತಿ. ಟ್ರ್ಯಾಕ್ಟರ್ ಟ್ರೇಲರ್ ಗೋಪುರದಂತೆ ತುಂಬಿಸಿದರೂ ತೂಕದ ಕಟ್ಟೆಯಲ್ಲಿ ಮುಳ್ಳು ಅಲುಗುವುದಿಲ್ಲ. ಎರಡರಲ್ಲೂ ಇರುವುದು ಒಂದೇ ಇಂಗಾಲ. ಒಂದಕ್ಕೆ ಗಿರಾಕಿ, ಇನ್ನೊಂದಕ್ಕೆ ಬೆಂಕಿಕಡ್ಡಿ.

ಕಾರ್ಖಾನೆಯ ಕಸಕ್ಕೆ ಈ ತಾಪತ್ರಯವೇ ಇಲ್ಲ, ಅದು ಕೊಳವೆಯಲ್ಲಿ ಹರಿದು ಬರುತ್ತದೆ. ತೋರಣಗಲ್ಲಿನಲ್ಲಿ ಉಕ್ಕಿನ ಕುಲುಮೆಯ ಅನಿಲದಿಂದ ವಿದ್ಯುತ್ ತೆಗೆಯುತ್ತಾರೆ. ಬೆಲ್ಜಿಯಂನ ಘೆಂಟ್ ನಗರದ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಅನಿಲವನ್ನು ಸೂಕ್ಷ್ಮಜೀವಿಗಳಿಗೆ ಉಣಿಸಿ 2023ರಲ್ಲಿ ಎಥನಾಲ್ ಮಾಡಿದರು. ಇಂಗಾಲದ ಮಾನಾಕ್ಸೈಡ್ ತಿಂದು ಮದ್ಯಸಾರ ಬಿಡುವ ಈ ಜೀವಿ ಮೊದಲು ಸಿಕ್ಕದ್ದು ಮೊಲದ ಹಿಕ್ಕೆಯಲ್ಲಿ, 1994ರ ಸುಮಾರಿಗೆ. ಮೊಲದ ಹಿಕ್ಕೆ ಉಕ್ಕಿನ ಕಾರ್ಖಾನೆ ಸೇರಿ ಉದ್ಧಾರವಾಯಿತು. ನಮ್ಮ ಸಿಪ್ಪೆಗೆ ಅಂಥ ಶಿಫಾರಸು ಮಾಡುವ ಮೊಲ ಇನ್ನೂ ಹುಟ್ಟಿಲ್ಲ.

ಸರಿ, ಬಾಡಿಗೆ ಸಮಸ್ಯೆ ಬಗೆಹರಿದು ಕಸಕ್ಕೆ ಬೆಲೆ ಬಂತು ಎಂದೇ ಇಟ್ಟುಕೊಳ್ಳೋಣ. ಆ ಬೆಲೆ ಯಾರ ಜೇಬಿಗೆ? ಕಬ್ಬು ಬೆಳೆಯುವವರನ್ನು ಕೇಳಿ. ನೂರು ಟನ್ ಕಬ್ಬು ಅರೆದರೆ ಇಪ್ಪತ್ತೆಂಟು ಮೂವತ್ತು ಟನ್ ಸಿಪ್ಪೆ. ಒಂದು ಕಾಲದಲ್ಲಿ ಅದನ್ನು ಎಲ್ಲಿ ಹಾಕುವುದೆಂದು ಕಾರ್ಖಾನೆಗಳಿಗೇ ತಲೆನೋವು. ಈಗ ಅದನ್ನು ಸುಟ್ಟು ವಿದ್ಯುತ್ ಮಾಡಿ ಮಾರುತ್ತಾರೆ. ಕಾಕಂಬಿ ಎಥನಾಲ್ ಆಗಿ ಪೆಟ್ರೋಲಿಗೆ ಸೇರಿತು. ಮಡ್ಡಿ ಗೊಬ್ಬರವೂ ಆಯಿತು, ಅನಿಲವೂ ಆಗುತ್ತಿದೆ. ಕಬ್ಬಿನಲ್ಲಿ ಕಸ ಎಂಬುದೇ ಉಳಿದಿಲ್ಲ.

ಆದರೆ ತೂಕದ ಕಟ್ಟೆಯ ಮೇಲೆ ನಿಂತಾಗ ರೈತ ಮಾರುವುದು ಕಬ್ಬು. ಗೇಟು ದಾಟಿದ ಮೇಲೆ ಅದು ಸಕ್ಕರೆ, ವಿದ್ಯುತ್, ಎಥನಾಲ್, ಗೊಬ್ಬರ ಎಂದು ನಾಲ್ಕು ಅವತಾರ ಎತ್ತುತ್ತದೆ. ರಂಗರಾಜನ್ ಸಮಿತಿ 2012ರಲ್ಲಿ ಸೂತ್ರ ಹೇಳಿತು: ಸಕ್ಕರೆಯ ಜೊತೆ ಉಪಉತ್ಪನ್ನಗಳನ್ನೂ ಲೆಕ್ಕಕ್ಕೆ ಹಿಡಿದರೆ ಆದಾಯದ ಶೇ 70 ರೈತನಿಗೆ, ಬರೀ ಸಕ್ಕರೆ ಹಿಡಿದರೆ ಶೇ 75. ಕರ್ನಾಟಕ 2013ರಲ್ಲಿ ಕಾನೂನನ್ನೂ ತಂದಿತು. 2025ರ ನವೆಂಬರಿನಲ್ಲಿ ಬೆಳಗಾವಿಯ ರೈತರು ಕಬ್ಬಿನ ದರಕ್ಕಾಗಿ ಮತ್ತೆ ರಸ್ತೆಯಲ್ಲೇ ಕೂತಿದ್ದರು. ಕಸದಿಂದ ರಸ ಬಂದದ್ದು ಖಂಡಿತ. ಲೋಟ ಮಾತ್ರ ಬೇರೆಯವರದು.

ಹೀಗಾಗಿ ಹೊಸ ಇಂಗಾಲದ ಸುದ್ದಿ ಓದಿದಾಗೆಲ್ಲ ನನಗೆ ಖುಷಿಯ ಜೊತೆಗೆ ಸಣ್ಣ ದಿಗಿಲು. ಚಿಪ್ಪಿನಿಂದ ಸೋಡಿಯಂ ಬ್ಯಾಟರಿಗೆ ಬೇಕಾದ ಗಟ್ಟಿ ಇಂಗಾಲ ಮಾಡಬಹುದಂತೆ. ಮಾಡಲಿ. ಒಂದು ಕಾಲದಲ್ಲಿ ಬಚ್ಚಲೊಲೆಗೆ ಹಾಕಿ ನೀರು ಕಾಯಿಸುತ್ತಿದ್ದ ಅಜ್ಜಿಯರು ಈಗ ಚಿಪ್ಪು ಒಲೆಗೆ ಹಾಕುವ ಮುಂಚೆ ಗುಜರಿಯವನ ದರ ಕೇಳುತ್ತಾರೆ. ನೀರು ಕಾಯಿಸಲು ಏನು ಹಾಕುತ್ತೀರಿ ಅಜ್ಜಿ ಎಂದರೆ, ‘ಸಿಕ್ಕಿದ್ದು’ ಎನ್ನುತ್ತಾರೆ. ಸಿಕ್ಕಿದ್ದು ಅಂದರೆ ಹಾಲಿನ ಕವರು, ಹರಿದ ಚಪ್ಪಲಿ. ಕಸ ರಸವಾದ ಮನೆಯಲ್ಲಿ ಒಲೆಗೆ ಬೇರೆ ಕಸ ಬಂದು ಕೂತಿದೆ.

ಮೊನ್ನೆ ರಾತ್ರಿ ದೊಡ್ಡಪ್ಪನನ್ನು ಶಿವಮೊಗ್ಗದ ಆಸ್ಪತ್ರೆಗೆ ತೋರಿಸಿ ಹಿಂತಿರುಗುತ್ತಿದ್ದೆ. ಎದೆಯಲ್ಲಿ ಕಫ, ಕೆಮ್ಮು. ಹೊಗೆಯಿಂದ ದೂರ ಇರಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಊರು ಹತ್ತಿರವಾದಂತೆ ಕಾರಿನ ದೀಪ ಬಿಳಿ ಗೋಡೆಗೆ ಗುದ್ದತೊಡಗಿತು. ಗಾಜು ಏರಿಸಿ, ಗೇರ್ ಇಳಿಸಿ, ಎತ್ತಿನ ಗಾಡಿಯ ವೇಗದಲ್ಲಿ ಹೊರಟೆ. ಎರಡೂ ಬದಿಯ ದಿಬ್ಬಗಳ ಹೊಟ್ಟೆಯಲ್ಲಿ ಕೆಂಡ ಕೆಂಪಗೆ ಕಾಣುತ್ತಿತ್ತು. ಗಾಳಿ ಸಾಲದ ಬೆಂಕಿ. ಒಂದು ಮುಚ್ಚಳ, ಒಂದು ಕೊಳವೆ ಇದ್ದಿದ್ದರೆ ಇದನ್ನೇ ಆ ಕಾರ್ಯಾಗಾರದವರು ಪೈರಾಲಿಸಿಸ್ ಎಂದು ಕರೆದು ಶಾಲು ಹೊದಿಸುತ್ತಿದ್ದರು.

ಹೊತ್ತು ಹೋಗಲೆಂದು ದೊಡ್ಡಪ್ಪನಿಗೆ ಚಿಪ್ಪಿನ ಕಥೆಯೆಲ್ಲ ಹೇಳಿದೆ. ನಾಲ್ಕು ಗ್ರಾಂನಲ್ಲಿ ಒಂದು ಎಕರೆ ಎಂದಾಗ, ‘ಹಂಗಾರೆ ನನ್ನ ತೋಟ ಒಂದು ಚಿಟಿಕೆ ಅನ್ನು’ ಎಂದು ನಕ್ಕು, ನಕ್ಕಿದ್ದಕ್ಕೆ ಮತ್ತೆ ಕೆಮ್ಮಿದ.

‘ಚಿಪ್ಪಿಗೇ ಇಷ್ಟು ಬೆಲೆ ಬಂತಲ್ಲ ದೊಡ್ಡಪ್ಪ, ಇನ್ನು ಮೋಸ ಹೋದೋರ ಕೈಗೆ ಏನು ಕೊಡೋದು?’

‘ಅದಕ್ಕೇನು, ಸಿಪ್ಪೆ ಬಿದ್ದೈತಲ್ಲ ಇಲ್ಲಿ ಬೇಕಾದಷ್ಟು.’

‘ನಾಳೆ ಸಿಪ್ಪೆಗೂ ಬೆಲೆ ಬಂದ್ರೆ?’

ದೊಡ್ಡಪ್ಪ ಹೊಗೆಯ ಕಡೆ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: ‘ಬೆಲೆ ಬಂದ ದಿನ ಅದನ್ನ ನಮ್ಮ ಕೈಗೆ ಯಾಕೆ ಕೊಡ್ತಾರೆ ಮಗನೇ?’